ರಾತ್ರಿ ಮಾಡಿಟ್ಟ ಅಡುಗೆ ಬೆಳಗ್ಗೆ ವಿಷವಾಗುತ್ತದೆಯೇ? ನೆಂಟರು ಬರುವ ಮುನ್ನ ತಿಳಿದಿರಲಿ

ಶಿಕಾರಿಪುರ ತಾಲ್ಲೂಕಿನ ಉಡುತಡಿ ಕಡೆಯ ಓದುಗರೊಬ್ಬರು ನಮಗೆ ಎರಡು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದರು. 'ರಾತ್ರಿ ಮಾಡಿದ ಅಡುಗೆ ಬೆಳಗ್ಗೆ ವಿಷ' ಎನ್ನುತ್ತಿತ್ತು ಒಂದು. 'ತಂಗಳನ್ನ ಅಮೃತ, ರಾತ್ರಿ ನೆನೆಸಿದರೆ ಕಬ್ಬಿಣಾಂಶ 3.4 ಮಿಲಿಗ್ರಾಂನಿಂದ 73.91 ಮಿಲಿಗ್ರಾಂಗೆ ಏರುತ್ತದೆ' ಎನ್ನುತ್ತಿತ್ತು ಇನ್ನೊಂದು. ಎರಡೂ ಒಂದೇ ಗ್ರೂಪಿನಲ್ಲಿ, ಒಂದೇ ದಿನ ಬಂದಿದ್ದವು.

ಅವರ ಸಮಸ್ಯೆ ಮಾತ್ರ ನಿಜದ್ದು. ಭಾನುವಾರ ಮನೆಗೆ ಇಪ್ಪತ್ತು ಜನ ನೆಂಟರು. ಹಿಂದಿನ ದಿನವೇ ಸ್ವಲ್ಪ ಮಾಡಿಟ್ಟುಕೊಂಡರೆ ಕೆಲಸ ಹಗುರ. ಮೊದಲ ಫಾರ್ವರ್ಡ್ ಓದಿದ ಅತ್ತೆ ಒಪ್ಪುತ್ತಿಲ್ಲ. 'ನಾಲ್ಕು ಗಂಟೆಗೆ ಎದ್ದು ಎಲ್ಲವನ್ನೂ ಹೊಸದಾಗಿ ಮಾಡಲೇಬೇಕಾ?' ಎಂದು ಕೇಳಿದ್ದರು.

ಪಕ್ಕದ ಸೊರಬ, ಸಾಗರದ ಕಡೆ ಭೂಮಿ ಹುಣ್ಣಿಮೆಗೆ ಏನು ಮಾಡುತ್ತಾರೆ ನೋಡಿ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬಿ ಬೆಳಗಿನ ಜಾವ ಗದ್ದೆಗೆ ಒಯ್ಯುತ್ತಾರೆ. ಭೂಮಿಗೆ ಎಡೆಯಾದ ಮೇಲೆ ಮನೆಮಂದಿ ಅಲ್ಲೇ ಕೂತು ಉಣ್ಣುವುದೂ ಅದನ್ನೇ. ರಾತ್ರಿ ಕಳೆದ ಮಾತ್ರಕ್ಕೆ ಅಡುಗೆ ವಿಷವಾಗುವುದಿಲ್ಲ ಎನ್ನಲು ಇಷ್ಟು ಸಾಕು. ಆದರೆ ರಾತ್ರಿ ಮಾಡಿದ್ದೆಲ್ಲ ಸುರಕ್ಷಿತ ಎನ್ನಲು ಇದು ಸಾಲದು. ನೋಡಬೇಕಾದ್ದು, ಅಡುಗೆ ಎಷ್ಟು ಹೊತ್ತು ಉಗುರುಬೆಚ್ಚಗೆ ಕೂತಿತ್ತು ಎಂಬುದನ್ನು.

ಅನ್ನವನ್ನೇ ತೆಗೆದುಕೊಳ್ಳೋಣ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ, ಅಲ್ಲಿಂದ ಅಕ್ಕಿಗೂ ಬರುತ್ತದೆ. ಅದರ ಸ್ಪೋರ್‌ಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪ, ಅನ್ನ ಕುದಿದರೂ ಸಾಯುವುದಿಲ್ಲ. ಅನ್ನ ಆರುತ್ತಾ ಬೆಚ್ಚಗಿರುವಾಗ ಅವು ಎಚ್ಚರಗೊಂಡು ಬೆಳೆಯುತ್ತವೆ, ಬೆಳೆಯುತ್ತಾ ವಿಷವೊಂದನ್ನು ಬಿಡುತ್ತವೆ. ಈ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಫ್ರೈಡ್ ರೈಸ್ ತಿಂದು ಹಲವರು ಹೀಗೇ ಕಾಯಿಲೆ ಬಿದ್ದರು. ಬೇಯಿಸಿದ ಅನ್ನವನ್ನು ಫ್ರಿಜ್‌ಗೆ ಹಾಕದೆ ಬಹಳ ಹೊತ್ತು ಅಡುಗೆಮನೆಯಲ್ಲೇ ಬಿಟ್ಟು, ಆಮೇಲೆ ಹುರಿದು ಬಡಿಸಿದ್ದರು.

'ಹೇಗಿದ್ದರೂ ಇನ್ನೊಮ್ಮೆ ಕುದಿಸಿದರೆ ಸರಿಹೋಗುತ್ತೆ' ಎಂಬ ಮಾತಿದೆಯಲ್ಲ, ನಮ್ಮ ಪ್ರಕಾರ ಈ ಎರಡು ಫಾರ್ವರ್ಡ್‌ಗಳಿಗಿಂತ ಅದೇ ಹೆಚ್ಚು ಅಪಾಯದ್ದು.

ನೆಂಟರ ಅಡುಗೆಯಲ್ಲಿ ಇನ್ನೊಂದು ತೊಡಕು, ಪಾತ್ರೆಯ ಗಾತ್ರ. ನಾಲ್ವರಿಗೆ ಮಾಡಿದ ಸಾಂಬಾರು ಬೇಗ ಆರುತ್ತದೆ. ಇಪ್ಪತ್ತು ಜನರಿಗೆ ಮಾಡಿ ಮುಚ್ಚಿಟ್ಟ ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾಗೆ ಇಂಥ ಜಾಗವೇ ಬೇಕು, ಮಾಂಸದ ಸಾರಿನಲ್ಲಂತೂ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸರಳ: ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ.

'ಬಿಸಿ ಪದಾರ್ಥ ಫ್ರಿಜ್‌ನಲ್ಲಿಟ್ಟರೆ ವಿಷವಾಗುತ್ತದೆ' ಎಂಬುದೂ ಸುಳ್ಳು. ಕುದಿಯುವ ಪಾತ್ರೆಯನ್ನು ಹಾಗೇ ತುರುಕಿದರೆ ಒಳಗಿನ ಹಾಲು ಮೊಸರೂ ಬೆಚ್ಚಗಾಗುತ್ತವೆ, ತೊಂದರೆ ಅದು. ಅಗಲ ಪಾತ್ರೆಗಳಿಗೆ ತೆಳ್ಳಗೆ ಹರಡಿ, ಹಬೆ ನಿಂತ ಕೂಡಲೇ ಒಳಗಿಡಿ. ಮಳೆಗಾಲದಲ್ಲಿ ಕರೆಂಟು ಹೋಯಿತೇ? ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ.

ಈಗ ತಂಗಳನ್ನ. ಕಬ್ಬಿಣ ಒಂದು ಮೂಲಧಾತು, ಯಾವ ಬ್ಯಾಕ್ಟೀರಿಯಾವೂ ಅದನ್ನು ಹೊಸದಾಗಿ ಹುಟ್ಟಿಸಲಾರದು. ಪಾತ್ರೆಯಲ್ಲಿ ಇರುವುದು ಅನ್ನ, ನೀರು. ಹೆಚ್ಚಿನ 70 ಮಿಲಿಗ್ರಾಂ ಎಲ್ಲಿಂದ ಬಂತು? ಹುದುಗುವಾಗ ಅನ್ನದಲ್ಲಿನ ಫೈಟಿಕ್ ಆಮ್ಲ ಕಡಿಮೆಯಾಗಿ, ಮೊದಲೇ ಇದ್ದ ಕಬ್ಬಿಣ ದೇಹಕ್ಕೆ ಸ್ವಲ್ಪ ಸುಲಭವಾಗಿ ಸಿಗಬಹುದು, ಅಷ್ಟೇ. ರಾತ್ರಿಯೇ ಅನ್ನಕ್ಕೆ ಹುಳಿ ಮಜ್ಜಿಗೆ ಬೆರೆಸಿಡುವ ರೂಢಿ ಮಾತ್ರ ಜಾಣತನದ್ದು. ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಆದರೂ ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಪಂಕ್ತಿಯಲ್ಲಿ ಅದನ್ನು ಬಡಿಸದಿರುವುದೇ ಒಳ್ಳೆಯದು.

ಅತ್ತೆಯವರ ಆತಂಕ ಬರೀ ಆರೋಗ್ಯದ್ದಲ್ಲ ಎಂದು ನಮಗನ್ನಿಸುತ್ತದೆ. ನೆಂಟರಿಗೆ ತಂಗಳು ಬಡಿಸಿದರು ಎಂಬ ಮಾತು ಬರಬಾರದಲ್ಲ! ಆ ಮರ್ಯಾದೆಯ ಭಾರವೆಲ್ಲ ಒಲೆಯ ಮುಂದೆ ನಿಲ್ಲುವವರ ಮೇಲೆ ಬೀಳುತ್ತದೆ. ನೆಂಟರು ಕೈ ತೊಳೆಯುವ ಹೊತ್ತಿಗೂ ಅವರಿಗೆ ಊಟವಾಗಿರುವುದಿಲ್ಲ.

ಹಾಗಾಗಿ ನಾವು ಕಳಿಸಿದ ಪಟ್ಟಿಯಲ್ಲಿ ತಂಗಳು ಎನ್ನಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಸಾರಿನ ಪುಡಿ, ಚಟ್ನಿಪುಡಿ ವಾರದ ಮೊದಲೇ ಆಗಲಿ. ಹುಣಸೆಹುಳಿ, ಉಪ್ಪು, ಎಣ್ಣೆ ಧಾರಾಳವಾಗಿರುವ ಪುಳಿಯೋಗರೆ ಗೊಜ್ಜು ಕೆಲವು ದಿನ ಇದ್ದರೂ ಕೆಡುವುದಿಲ್ಲ. ಹೋಳಿಗೆಯ ಹೂರಣ ಶನಿವಾರ ರಾತ್ರಿ ರುಬ್ಬಿ ಫ್ರಿಜ್‌ಗೆ ಹೋಗಲಿ, ಹೆಚ್ಚಿದ ತರಕಾರಿಯೂ ಅಲ್ಲಿಗೇ. ಅನ್ನ, ಕಾಯಿ ರುಬ್ಬಿ ಹಾಕುವ ಪದಾರ್ಥ, ಕೋಸಂಬರಿ ಮಾತ್ರ ಭಾನುವಾರಕ್ಕೆ ಇರಲಿ, ರುಬ್ಬಿದ ಕಾಯಿ ಬೇಗ ಹಳಸುತ್ತದೆ. ತಂಬುಳಿ ಮಾಡಲು ಹೇಗೂ ಹತ್ತು ನಿಮಿಷ.

ಒಂದು ಮಾತು ಬಿಟ್ಟಿದ್ದೆವು, ಅವರೇ ಮತ್ತೆ ಕೇಳಿದರು: ಬೆಂಗಳೂರಿನ ಬಸ್ಸು ಹತ್ತುವವರಿಗೆ ಬುತ್ತಿ ಕಟ್ಟಬಹುದಾ? ಹೋಳಿಗೆ, ಚಟ್ನಿಪುಡಿ ಕಟ್ಟಿ ಕೊಡಿ. ಮಧ್ಯಾಹ್ನದ ಅನ್ನ ಸಾಂಬಾರು ಬೇಡ.