ಆರೋಗ್ಯ ವಿಮೆ: ಕಾರ್ಡು ಬಂತು, ಚಿಕಿತ್ಸೆ ಬಂತೆ?

ನಮ್ಮ ಜಿಲ್ಲೆಯ ಮನೆಗಳಲ್ಲಿ ರೇಶನ್ ಕಾರ್ಡಿನ ಜತೆಗೆ ಆರೋಗ್ಯ ವಿಮೆಯ ಕಾರ್ಡೂ ಸೇರಿಕೊಂಡು ಹದಿನೈದು ವರ್ಷಗಳ ಮೇಲಾಯಿತು. ಕೇಂದ್ರ ಸರಕಾರವು 2008ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕುಟುಂಬದ ಐದು ಮಂದಿಗೆ ಒಟ್ಟಾಗಿ ವರ್ಷಕ್ಕೆ 30,000 ರೂಪಾಯಿಗಳ ಆಸ್ಪತ್ರೆ ವೆಚ್ಚ ಸಿಗುತ್ತಿತ್ತು. 2018ರಲ್ಲಿ ಅದರ ಸ್ಥಾನಕ್ಕೆ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಬಂದು ಮೊತ್ತವು 5 ಲಕ್ಷಕ್ಕೇರಿತು. ಕೇರಳದಲ್ಲಿ 2019ರಿಂದ ಅದನ್ನು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಎಂದು ಕರೆಯುತ್ತಾರೆ. 30,000 ಇದ್ದದ್ದು 5 ಲಕ್ಷವಾಯಿತೆಂಬುದನ್ನು ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ಆದರೆ ಈ ಕಾರ್ಡಿನಿಂದ ಒಂದು ಸಂಸಾರದ ಸಾಲ ಎಷ್ಟು ಇಳಿಯಿತು, ಬ್ಯಾಂಕಿನಲ್ಲಿ ಅಡವಿಟ್ಟ ಚಿನ್ನ ಎಷ್ಟು ಉಳಿಯಿತು, ರೋಗಿ ಎಷ್ಟು ಗುಣಮುಖನಾದ ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಈ ಲೆಕ್ಕವನ್ನು ತೆಗೆಯಲು ಕಳೆದ ಐವತ್ತು ವರ್ಷಗಳಿಂದ ಹೆಣಗುತ್ತಿರುವವರು ಅರ್ಥಶಾಸ್ತ್ರಜ್ಞರು. ಅವರು ಕಂಡುಕೊಂಡದ್ದರಲ್ಲಿ ಗಡಿನಾಡಿನ ನಮಗೆ ಬೇಕಾದ ಸಂಗತಿಗಳು ಕೆಲವು ಉಂಟು.

ಮೇಲ್ನೋಟಕ್ಕೆ ಇದು ಸುಲಭದ ಲೆಕ್ಕ. ವಿಮೆ ಇರುವ ನೂರು ಮನೆ, ಇಲ್ಲದ ನೂರು ಮನೆ ನೋಡಿ, ಎಲ್ಲಿ ಆರೋಗ್ಯ ಹೆಚ್ಚೆಂದು ಹೇಳಿದರಾಯಿತಲ್ಲ? ಹಾಗೆ ಮಾಡಿದರೆ ಮೋಸ ಹೋಗುತ್ತೇವೆ. ನಾವು ಅಧ್ಯಾಪಕರು ದಿನವೂ ಕಾಣುವ ಉದಾಹರಣೆಯನ್ನೇ ಕೊಡುವುದಾದರೆ, ಹತ್ತನೆಯ ತರಗತಿಯಲ್ಲಿ ಗಣಿತದ ಟ್ಯೂಶನಿಗೆ ಹೋಗುವವರ ಅಂಕ ಎಷ್ಟೋ ಸಲ ಹೋಗದವರ ಅಂಕಕ್ಕಿಂತ ಕಡಮೆಯೇ ಇರುತ್ತದೆ. ಟ್ಯೂಶನಿನಿಂದ ಮಕ್ಕಳು ದಡ್ಡರಾದರೆಂದು ಇದರ ಅರ್ಥವಲ್ಲ. ಗಣಿತ ಬಾರದವರನ್ನೇ ತಂದೆತಾಯಿಗಳು ಅಲ್ಲಿಗೆ ಕಳುಹಿಸುತ್ತಾರೆ. ವಿಮೆಯೂ ಹಾಗೆಯೇ. ಮನೆಯಲ್ಲಿ ಕಾಯಿಲೆಯವರು ಇದ್ದವರೇ ಅದನ್ನು ಮೊದಲು ಮಾಡಿಸುತ್ತಾರೆ. ಆದ್ದರಿಂದ ಬೇರೆಲ್ಲ ವಿಷಯದಲ್ಲಿಯೂ ಸಮಾನರಾಗಿದ್ದು, ವಿಮೆಯೊಂದರಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಗುಂಪುಗಳನ್ನು ಹುಡುಕುವುದೇ ಈ ಶಾಸ್ತ್ರದ ಮುಖ್ಯ ಕಸುಬು.

ಅಂಥ ಎರಡು ಗುಂಪುಗಳು ಅಮೆರಿಕದ ಓರೆಗಾನ್ ರಾಜ್ಯದಲ್ಲಿ 2008ರಲ್ಲಿ ತಾವಾಗಿಯೇ ದೊರೆತವು. ಬಡವರ ಸರಕಾರಿ ವಿಮೆಯಲ್ಲಿ ಸುಮಾರು 10,000 ಮಂದಿಗೆ ಮಾತ್ರ ಸ್ಥಳವಿದ್ದು, ಹೆಸರು ಕೊಟ್ಟವರು ಸುಮಾರು 90,000 ಇದ್ದರು. ಯಾರನ್ನು ಬಿಡುವುದೆಂದು ತಿಳಿಯದೆ ಸರಕಾರ ಚೀಟಿ ಎತ್ತಿತು. (ನಮ್ಮ ರಾಜ್ಯದಲ್ಲಿ ಲಾಟರಿ ಮಾರಿದ ಹಣದಿಂದ ರೋಗಿಗಳಿಗೆ ನೆರವಾಗುವ ಕಾರುಣ್ಯ ನಿಧಿಯನ್ನು ಹಣಕಾಸು ಸಚಿವ ಕೆ. ಎಂ. ಮಾಣಿಯವರ ಕಾಲದಲ್ಲಿ ಸ್ಥಾಪಿಸಿದರು. ಅಲ್ಲಿ ರೋಗಿಗಳನ್ನೇ ಲಾಟರಿಗೆ ಹಾಕಿದರು!) ಚೀಟಿಯಲ್ಲಿ ಹೆಸರು ಬಂದವರಿಗೂ ಬಾರದವರಿಗೂ ಅದೃಷ್ಟದ ಹೊರತು ಬೇರೆ ವ್ಯತ್ಯಾಸವಿರಲಿಲ್ಲ. ಎಮಿ ಫಿಂಕೆಲ್‌ಸ್ಟೈನ್, ಕ್ಯಾಥರೀನ್ ಬೈಕರ್ ಮತ್ತು ಸಂಗಡಿಗರು ಎರಡು ವರ್ಷ ಇಬ್ಬಗೆಯವರನ್ನೂ ಹಿಂಬಾಲಿಸಿ ನೋಡಿದರು. ವಿಮೆ ಸಿಕ್ಕವರು ವೈದ್ಯರ ಬಳಿಗೆ ಹೆಚ್ಚು ಹೋದರು. ಚಿಕಿತ್ಸೆಯ ವೆಚ್ಚದಿಂದ ಮನೆ ಮುಳುಗುವ ಪರಿಸ್ಥಿತಿ ಹೆಚ್ಚುಕಡಮೆ ಇಲ್ಲವಾಯಿತು. ಮನಸ್ಸಿನ ಖಿನ್ನತೆ ಸುಮಾರು ಮೂರರಲ್ಲೊಂದು ಪಾಲು ಇಳಿಯಿತು. ಆದರೆ ರಕ್ತದೊತ್ತಡ, ಕೊಲೆಸ್ಟರಾಲು, ಸಕ್ಕರೆ ಇವುಗಳಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ಸುಧಾರಣೆ ಕಾಣಲಿಲ್ಲ.

ಇದನ್ನು ಹಿಡಿದು ಅಲ್ಲಿ ಒಂದು ಪಕ್ಷದವರು ವಿಮೆ ನಿಷ್ಪ್ರಯೋಜಕವೆಂದರು, ಇನ್ನೊಂದು ಪಕ್ಷದವರು ಸಾಲ ತಪ್ಪಿದ್ದೇ ದೊಡ್ಡ ಪ್ರಯೋಜನವೆಂದರು. ನಾವು ಎರಡನೆಯವರ ಕಡೆಗೇ ವಾಲುತ್ತೇವೆ. ಮನೆಯ ಯಜಮಾನನಿಗೆ ಹೃದಯದ ಶಸ್ತ್ರಚಿಕಿತ್ಸೆಯಾದ ವರ್ಷ ಮಗಳ ಓದು ನಿಂತದ್ದನ್ನು, ಕಂಗಿನ ತೋಟದ ಒಂದು ಮೂಲೆ ಕೈಬಿಟ್ಟದ್ದನ್ನು ಕಂಡವರಿಗೆ ಸಾಲವೂ ಒಂದು ರೋಗವೇ ಎಂದು ಬೇರೆ ಹೇಳಬೇಕಾಗಿಲ್ಲ. ಕುಟುಂಬದ ಕ್ಷೇಮವನ್ನು ರಕ್ತಪರೀಕ್ಷೆಯ ಚೀಟಿಯೊಂದರಿಂದಲೇ ಅಳೆಯಲಾಗದು.

ಅಮೆರಿಕದ ಮಾತು ಹಾಗಿರಲಿ. ನಮಗೆ ಹೆಚ್ಚು ಹತ್ತಿರದ ಎರಡು ಅಧ್ಯಯನಗಳು ಕರ್ನಾಟಕದಲ್ಲಿಯೇ ನಡೆದಿವೆ.

ಮೊದಲನೆಯದು ವಾಜಪೇಯಿ ಆರೋಗ್ಯಶ್ರೀ ಯೋಜನೆಯದು. ಹೃದ್ರೋಗ, ಕ್ಯಾನ್ಸರ್ ಮೊದಲಾದ ದೊಡ್ಡ ಕಾಯಿಲೆಗಳಿಗೆ ಬಡತನದ ರೇಖೆಗಿಂತ ಕೆಳಗಿನವರಿಗೆ ಪುಕ್ಕಟೆ ಚಿಕಿತ್ಸೆ ಕೊಡುವ ಈ ಯೋಜನೆಯನ್ನು ಕರ್ನಾಟಕ ಸರಕಾರವು 2010ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಮೊದಲು ತಂದಿತು. ದಕ್ಷಿಣಕ್ಕೆ ಬಂದದ್ದು ಅನಂತರ. ನಡುವೆ ಒಂದು ಗೆರೆ ಬಿತ್ತು. ಗೆರೆಯ ಆಚೆಗೂ ಈಚೆಗೂ ಇದ್ದುದು ಅಕ್ಕಪಕ್ಕದ ಹಳ್ಳಿಗಳು, ಒಂದೇ ಬಗೆಯ ಬದುಕು. ಆದರೆ ಒಂದು ಕಡೆ ಯೋಜನೆ ಉಂಟು, ಇನ್ನೊಂದು ಕಡೆ ಇಲ್ಲ. ನೀರಜ್ ಸೂದ್ ಮತ್ತು ಸಂಗಡಿಗರು ಇಂಥ 572 ಹಳ್ಳಿಗಳಲ್ಲಿ ಸುಮಾರು 60,000 ಮನೆಗಳನ್ನು ವಿಚಾರಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ವರದಿ ಪ್ರಕಟಿಸಿದರು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರಲ್ಲಿ ಸತ್ತವರು ಯೋಜನೆ ಇಲ್ಲದ ಹಳ್ಳಿಗಳಲ್ಲಿ ಸಾವಿರಕ್ಕೆ 9, ಇದ್ದ ಹಳ್ಳಿಗಳಲ್ಲಿ ಸುಮಾರು 3. ಆಸ್ಪತ್ರೆಗೆ ಕೈಯಿಂದ ತೆರುವ ಹಣವೂ ಮೂರರಲ್ಲೊಂದು ಪಾಲಿನಷ್ಟು ಇಳಿದಿತ್ತು. ಯೋಜನೆಗೆ ಸೇರದ ಅನುಕೂಲಸ್ಥರಲ್ಲಿ ಮಾತ್ರ ಗೆರೆಯ ಎರಡು ಬದಿಗೂ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಚೀಟಿ ಎತ್ತಿದ್ದಲ್ಲವಾದ್ದರಿಂದ ಅಂಕಿಗಳನ್ನು ತುಸು ಎಚ್ಚರದಿಂದಲೇ ಓದಬೇಕು. ಆದರೂ ಆಡಳಿತಗಾರರು ಎಳೆದ ಒಂದು ಗೆರೆಯು ಯಾರ ಪ್ರಾಣ ಉಳಿಯಬೇಕೆಂಬುದನ್ನು ನಿರ್ಣಯಿಸಬಲ್ಲುದೆಂದು 1956ರ ಗೆರೆಯ ಈಚೆ ಉಳಿದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯ ಅಧ್ಯಯನದ ಫಲ ಇದಕ್ಕೆ ತೀರ ಬೇರೆ. ಅನೂಪ್ ಮಲಾನಿ, ಸಿಂಥಿಯಾ ಕಿನ್ನನ್ ಮೊದಲಾದವರು ಗುಲ್ಬರ್ಗ ಮತ್ತು ಮೈಸೂರು ಜಿಲ್ಲೆಗಳ 435 ಹಳ್ಳಿಗಳಲ್ಲಿ 10,000ಕ್ಕೂ ಮೇಲ್ಪಟ್ಟ ಕುಟುಂಬಗಳನ್ನು ಆರಿಸಿ, ಕೆಲವರಿಗೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕಾರ್ಡನ್ನು ಪುಕ್ಕಟೆಯಾಗಿ ಕೊಡಿಸಿದರು, ಕೆಲವರಿಗೆ ಹಣ ಕೊಟ್ಟು ಕೊಳ್ಳುವ ಅವಕಾಶ ಮಾಡಿದರು, ಕೆಲವರಿಗೆ ಏನನ್ನೂ ಕೊಡಲಿಲ್ಲ. 2018ರ ತನಕ ನಡೆದ ಈ ಪ್ರಯೋಗದಲ್ಲಿ ಸರಕಾರಕ್ಕೆ ಬೀಳುವಷ್ಟೇ ಪೂರ್ತಿ ಕ್ರಯ ಹೇಳಿದಾಗಲೂ ಹತ್ತರಲ್ಲಿ ಆರು ಮನೆಯವರು ವಿಮೆ ಕೊಂಡರು. ಹಳ್ಳಿಯವರಿಗೆ ವಿಮೆಯ ಬೆಲೆ ತಿಳಿಯದೆಂಬ ಮಾತು ಅಲ್ಲಿಗೆ ಸುಳ್ಳಾಯಿತು. ಆದರೆ ಆರೋಗ್ಯದಲ್ಲಿ ಏನು ಬದಲಾಯಿತೆಂದು ನೋಡಿದರೆ ಹೇಳುವಂಥದ್ದು ಬಹಳ ಕಡಮೆ. ಒಂದು ಮುಖ್ಯ ಸಂಗತಿಯೆಂದರೆ, ಕಾರ್ಡನ್ನು ಉಪಯೋಗಿಸಲು ಹೊರಟವರಲ್ಲಿ ಬಹಳ ಮಂದಿಗೆ ಅದು ಸಾಧ್ಯವಾಗಲೇ ಇಲ್ಲ. ಇನ್ನೊಂದು ಕುತೂಹಲದ ವಿಚಾರವೂ ಉಂಟು: ಊರಿನಲ್ಲಿ ಹೆಚ್ಚು ಮಂದಿಯ ಬಳಿ ಕಾರ್ಡು ಇದ್ದಷ್ಟೂ ಅದರ ಬಳಕೆ ಹೆಚ್ಚಿತು. ನೆರೆಮನೆಯವರು ಒಮ್ಮೆ ದಾರಿ ಕಂಡರೆ ಇವರಿಗೂ ದಾರಿ ಕಾಣುತ್ತದೆ.

ಒಂದೇ ರಾಜ್ಯದಲ್ಲಿ ಎರಡು ಯೋಜನೆ, ಎರಡು ಫಲ. ಆರೋಗ್ಯಶ್ರೀಯು ಪ್ರಾಣಕ್ಕೆ ಸಂಚಕಾರವಾದ ಕಾಯಿಲೆಗಳಿಗೆ ಮೀಸಲಾಗಿತ್ತು. ಬಿಮಾ ಯೋಜನೆಯ 30,000 ರೂಪಾಯಿ ಸಾಮಾನ್ಯ ಚಿಕಿತ್ಸೆಗಳಿಗೆ. ಪ್ರಯೋಗದಲ್ಲಿದ್ದವರು ಕಡುಬಡವರೂ ಅಲ್ಲ. ಇಷ್ಟೇ ಕಾರಣವೆಂದು ನಮಗೆ ತೋರುವುದಿಲ್ಲ. ಆರೋಗ್ಯಶ್ರೀಯವರು ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಯನ್ನು ಅಲ್ಲಿಯೇ ಗುರುತಿಸಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಅಲ್ಲಿ ಕಾಗದಪತ್ರ ನೋಡಿಕೊಳ್ಳಲು ಆರೋಗ್ಯಮಿತ್ರರಿದ್ದರು. ಬಿಮಾ ಯೋಜನೆಯಲ್ಲಿ ಕಾರ್ಡನ್ನು ಕೈಗಿಟ್ಟು, ಮುಂದಿನ ದಾರಿಯನ್ನು ಕಾರ್ಡಿನವನಿಗೇ ಬಿಟ್ಟರು.

ಈಗ ನಮ್ಮ ಜಿಲ್ಲೆಗೆ ಬರೋಣ. ಮಂಜೇಶ್ವರದವನಿಗೆ ದೊಡ್ಡ ಕಾಯಿಲೆ ಬಂದರೆ ಅವನು ಹೋಗುವುದು ಮಂಗಳೂರಿಗೆ. ತಿರುವನಂತಪುರ ಅವನಿಗೆ ರೈಲಿನಲ್ಲಿ ಒಂದು ರಾತ್ರಿಯ ದಾರಿ. 2020ರ ಮಾರ್ಚಿಯಲ್ಲಿ ಕೊರೋನಾದ ಕಾರಣ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ, ಎಂ.ಬಿ.ಬಿ.ಎಸ್. ತರಗತಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಕಾಗದದ ಮೇಲೆ ಕೇಂದ್ರದ ಯೋಜನೆಯ ಕಾರ್ಡು ರಾಜ್ಯದ ಗಡಿ ದಾಟುತ್ತದೆ. ಆದರೆ ಗಡಿಯಾಚೆಯ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು, ಆ ಚಿಕಿತ್ಸೆಗೆ ಮಂಜೂರಾತಿ ಬರಬೇಕು. ಈಚೆ ಕೇರಳದಲ್ಲಿಯೂ ಸರಕಾರದಿಂದ ಬಾಕಿ ಹಣ ಬಂದಿಲ್ಲವೆಂದು ಖಾಸಗಿ ಆಸ್ಪತ್ರೆಗಳು ಕಾರುಣ್ಯದಿಂದ ಹಿಂಜರಿದ ಸುದ್ದಿಗಳನ್ನು ಓದುತ್ತಲೇ ಇದ್ದೇವೆ. ತುರ್ತಿನ ಹೊತ್ತಿಗೆ ಇದನ್ನೆಲ್ಲ ವಿಚಾರಿಸುವ ವ್ಯವಧಾನ ಯಾರಿಗಿದೆ?

ಭಾಷೆಯ ಮಾತು ಇದರ ಮೇಲೆ. ಗುಲ್ಬರ್ಗದಲ್ಲಿ, ಮೈಸೂರಿನಲ್ಲಿ ತಮ್ಮದೇ ಭಾಷೆಯ ಆಡಳಿತದ ಕೆಳಗಿದ್ದವರಿಗೇ ಕಾರ್ಡಿನ ಬಳಕೆ ಕಠಿಣವಾಯಿತು. ಮಲೆಯಾಳದ ಅರ್ಜಿಯನ್ನು ಅಕ್ಷಯ ಕೇಂದ್ರದಲ್ಲಿ ಬೇರೆಯವರಿಂದ ತುಂಬಿಸಿ, ಎಲ್ಲಿ ರುಜು ಹಾಕಬೇಕೆಂದು ಕೇಳಿ ಹಾಕುವ ನಮ್ಮ ಹಿರಿಯರ ಪಾಡೇನು? ಕನ್ನಡಿಗರು ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲೇ ಅವಕಾಶವಿದೆ. ಬೋರ್ಡು, ಪಾಠಪುಸ್ತಕ, ಪಿ.ಎಸ್.ಸಿ. ಪರೀಕ್ಷೆಗಳಿಗಾಗಿ ನಾವು ಆ ಹಕ್ಕನ್ನು ಎತ್ತಿ ಹೇಳಿದಷ್ಟು ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಈ ಯೋಜನೆಗಳೆಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವನಿಗಾಗಿ ಇವೆ. ತಿಂಗಳು ತಿಂಗಳು ಕೊಳ್ಳುವ ಸಕ್ಕರೆ ಕಾಯಿಲೆಯ ಗುಳಿಗೆ, ರೋಗಿಯ ಜತೆಗೆ ನಿಂತವನ ಕೂಲಿ ನಷ್ಟ, ಜೀಪಿನ ಬಾಡಿಗೆ ಇವು ಲೆಕ್ಕದ ಹೊರಗೆ. ಎಂಡೋಸಲ್ಫಾನ್ ಪೀಡಿತ ಮಗುವನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವ ತಾಯಿ ಬೀಡಿ ಕಟ್ಟುವುದನ್ನು ಬಿಟ್ಟಳೆಂಬುದನ್ನು ಯಾವ ವಿಮೆಯೂ ಬರೆದುಕೊಳ್ಳುವುದಿಲ್ಲ. ದೇಶದ ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ತೆರುವ ಪಾಲು 2013-14ರಲ್ಲಿ ನೂರಕ್ಕೆ 64 ಇದ್ದುದು 2021-22ರಲ್ಲಿ 39ಕ್ಕೆ ಇಳಿಯಿತೆಂದು ಸರಕಾರಿ ಲೆಕ್ಕ ಹೇಳುತ್ತದೆ. ಆರೋಗ್ಯದಲ್ಲಿ ಮುಂದಿರುವ ಕೇರಳದಲ್ಲಿ ಈ ಪಾಲು ದೇಶದ ಸರಾಸರಿಗಿಂತ ಬಹಳ ಹೆಚ್ಚು.

ನಮ್ಮ ಪಂಚಾಯತುಗಳು ಅರ್ಥಶಾಸ್ತ್ರಜ್ಞರ ದಾರಿ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ವಾರ್ಡಿಗೊಂದರಂತೆ ಒಂದು ಪುಸ್ತಕ ಇಡಲಿ: ಕಾರ್ಡು ಎಷ್ಟು ಮನೆಗಿದೆ, ಕಳೆದ ವರ್ಷ ಎಷ್ಟು ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ ಎಷ್ಟು ಮಂದಿಗೆ ಕಾರ್ಡು ನಡೆಯಿತು, ನಡೆಯದಿದ್ದರೆ ಯಾವ ಆಸ್ಪತ್ರೆಯವರು ಏನು ಕಾರಣ ಹೇಳಿದರು, ಕೈಯಿಂದ ಎಷ್ಟು ಹೋಯಿತು, ಅದಕ್ಕೆ ಸಾಲವೋ ಚಿನ್ನವೋ. ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರು, ಕುಟುಂಬಶ್ರೀಯವರು ಇದನ್ನು ಒಂದು ತಿಂಗಳಲ್ಲಿ ಬರೆದು ಮುಗಿಸಬಲ್ಲರು. ಹಾಗೆಯೇ ಕಾರ್ಡು ನಡೆಯುವ ಆಸ್ಪತ್ರೆಗಳ ಪಟ್ಟಿಯನ್ನು, ಮಂಗಳೂರಿನವೂ ಸೇರಿ, ಕನ್ನಡದಲ್ಲಿ ಅಚ್ಚು ಹಾಕಿಸಿ ರೇಶನ್ ಅಂಗಡಿಯ ಗೋಡೆಗೆ ಅಂಟಿಸಲಿ. ಪುಸ್ತಕದ ಪ್ರತಿಯೊಂದನ್ನು ಜಿಲ್ಲಾ ವೈದ್ಯಾಧಿಕಾರಿಗೂ ಶಾಸಕರಿಗೂ ಕೊಡಲಿ. ಮಲೆಯಾಳದಲ್ಲಿ ಬೇಕಿದ್ದರೆ ಅವರೇ ಅನುವಾದ ಮಾಡಿಸಿಕೊಳ್ಳಬಹುದು.