ಜಡವೆಂಬುದು ಜಡವೇ?

ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳ ಬಯಲಿನಲ್ಲಿ ಸುಮಾರು 13,000 ಎಕರೆಗಳಷ್ಟು ವಿಸ್ತಾರದ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನವು ಹರಡಿದೆ. ಅಲ್ಲಿ ಬೆಳಕು ಸಿಲಿಕಾನನ್ನು ತಾಗಿದೊಡನೆ ಎಲೆಕ್ಟ್ರಾನು ಬಂಧ ಕಳಚಿ ಚಲಿಸುತ್ತದೆ; ವಿದ್ಯುತ್ತು ಹರಿಯುತ್ತದೆ. ಇದನ್ನು ಕಂಡ ವಿದ್ಯಾರ್ಥಿಗೆ, ವಸ್ತುವು ಕೇವಲ ಜಡವೇ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಇದೇ ಪ್ರಶ್ನೆಯನ್ನು ಪಶ್ಚಿಮದ ನವಭೌತವಾದವೂ ಎತ್ತಿದೆ. ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಕರೆನ್ ಬರಾಡ್ ಅವರು 2007ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ನೀಲ್ಸ್ ಬೋರನ ವಿಚಾರವನ್ನು ಆಧಾರವಾಗಿಟ್ಟುಕೊಂಡು, ಅಳೆಯುವ ಉಪಕರಣವನ್ನೂ ಅಳೆಯಲ್ಪಡುವ ವಸ್ತುವನ್ನೂ ಬೇರ್ಪಡಿಸಲಾಗದೆಂದು ಪ್ರತಿಪಾದಿಸಿದರು. ಎಲೆಕ್ಟ್ರಾನು ಒಂದು ಪ್ರಯೋಗದಲ್ಲಿ ಅಲೆಯಂತೆಯೂ ಇನ್ನೊಂದರಲ್ಲಿ ಕಣದಂತೆಯೂ ತೋರುವುದು ಇದಕ್ಕೆ ನಿದರ್ಶನ. ಈ ದರ್ಶನವು ಅಭ್ಯಾಸಯೋಗ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಎಚ್ಚರ ಬೇಕು. ಅಣುವಿನ ನಿಯಮವನ್ನು ಸಮಾಜಕ್ಕೆ ಹೊದಿಸಿದರೆ ಅದು ರೂಪಕವಾಗಬಹುದು, ಸಾಧಕ ಹೇತುವಾಗಲಾರದು. ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸೇರಿದೆ; ಅದು ಮಿತಿಮೀರಿದರೆ ಮನುಷ್ಯನ ಎಲುಬನ್ನೇ ಬಾಗಿಸುತ್ತದೆ. ವಸ್ತುವಿಗೆ ಶಕ್ತಿಯುಂಟೆಂಬುದು ಇಲ್ಲಿ ದಿಟ. ಹಾಗೆಂದು ಕೇಡಿಗೆಲ್ಲ ವಸ್ತುವೇ ಕಾರಣವೆಂದು ಕೈತೊಳೆದುಕೊಳ್ಳಲಾದೀತೇ? ಶುದ್ಧಜಲವನ್ನು ಒದಗಿಸುವ ಹೊಣೆ ಕಲ್ಲಿನದಲ್ಲ, ಮನುಷ್ಯನದು. ನೆಲವನ್ನು ಗುತ್ತಿಗೆಗೆ ಕೊಟ್ಟ ರೈತನ, ಅದೇ ನೆಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದವನ ಯೋಗಕ್ಷೇಮವೂ ಅಂತೆಯೇ.

ಆದ್ದರಿಂದ ಗಣಿತ, ಪ್ರಯೋಗಗಳು ಮೊದಲಾಗಲಿ. ದರ್ಶನವು ಅವನ್ನು ಹಿಂಬಾಲಿಸಲಿ. ಎರಡನ್ನೂ ಕನ್ನಡದಲ್ಲಿಯೇ ಓದಿ, ಪ್ರಶ್ನಿಸಿ, ತರ್ಕಿಸುವ ಅವಕಾಶವು ಗ್ರಾಮದ ಮಕ್ಕಳಿಗೂ ಲಭಿಸಬೇಕು. ಜಡವನ್ನು ಚೇತನವೆಂದು ಕೊಂಡಾಡುವುದಕ್ಕಿಂತ, ಚೇತನನಾದ ಮನುಷ್ಯನು ಜಡನಾಗದಿರುವುದೇ ಮೇಲು.