ನಾಲ್ಕು ಯಾಮ, ಮೂರು ಪಾಳಿ

ಮಾಘ ಬಹುಳ ಚತುರ್ದಶಿಯ ಇರುಳು ಜಾಗರಣೆಯೆಂದೂ ಜಾಗರಣೆಗೆ ಭಜನೆಯೇ ಆಸರೆಯೆಂದೂ ನಮ್ಮ ಹಳ್ಳಿಗಳಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಬ್ಬವೂ ಇದೆ, ಹಾಡುವ ಮನಸ್ಸೂ ಇದೆ; ಇಲ್ಲದಿರುವುದು ಮರುದಿನದ ಬೆಳಗು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದ ಗೃಹಸ್ಥರೊಬ್ಬರು ಈಚೆಗೆ ನಮ್ಮೊಡನೆ ಮಾತನಾಡುತ್ತ, "ಗುರುಗಳೇ, ಹಬ್ಬಕ್ಕೆ ರಜಾ ಕೊಡ್ತಾರೆ, ನಿದ್ದೆಗೆ ಕೊಡೋದಿಲ್ಲ" ಎಂದರು. ನಗುತ್ತ ಆಡಿದ ಮಾತಾದರೂ ಅದರಲ್ಲಿ ಲೆಕ್ಕ ತಪ್ಪಿಲ್ಲ. ರಜೆ ಹಗಲಿಗೆ, ವ್ರತ ಇರುಳಿಗೆ. ಹಗಲು ಮನೆಯಲ್ಲಿ ಒರಗಿದ್ದವನು, ಹಾಡಬೇಕಾದ ಹೊತ್ತಿಗೆ ನಾಳಿನ ಆರು ಗಂಟೆಯ ಪಾಳಿಯನ್ನು ನೆನೆದು ಚಾಪೆ ಹಾಸುತ್ತಾನೆ.

ಆ ಸೀಮೆಯ ದುಡಿಮೆ ಒಂದು ಬಗೆಯದಲ್ಲ. ದೊಡ್ಡಬಳ್ಳಾಪುರ ಮಗ್ಗಗಳ ಊರು; ಅಲ್ಲಿ ವಿದ್ಯುತ್ ಮಗ್ಗದ ಲಾಳಿಯ ಸದ್ದಿಲ್ಲದ ಬೀದಿ ವಿರಳ. ಬಾಶೆಟ್ಟಿಹಳ್ಳಿಯ ಕಡೆ ಕಾರ್ಖಾನೆಗಳು, ಸಿದ್ಧ ಉಡುಪಿನ ಘಟಕಗಳು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ರಾತ್ರಿಯೆಂಬುದೇ ಇಲ್ಲದ ಉದ್ಯೋಗಗಳೂ ಬಂದವು. ಊರಿನಲ್ಲಿ ಉಳಿದವರಿಗೆ ಬಿಡುವೆಂದು ಭಾವಿಸಬಾರದು. ಬೆಳಗಿನ ಹಾಲು ಹೊತ್ತಿಗೆ ಸರಿಯಾಗಿ ಡೇರಿಗೆ ಮುಟ್ಟಬೇಕು. ರೇಷ್ಮೆ ಸಾಕುವ ಮನೆಗಳ ಪಾಡಂತೂ ಬೇರೆಯೇ. ಹುಳುವಿಗೆ ಏಕಾದಶಿಯೂ ಇಲ್ಲ, ಶಿವರಾತ್ರಿಯೂ ಇಲ್ಲ. ನಾಲ್ಕನೆಯ ಜ್ವರ ಎದ್ದ ಮೇಲೆ ಒಂದು ವಾರ ಅದು ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಮಂದಿ ನೆಂಟರ ಮನೆಯ ಮದುವೆಗೂ ಸರದಿಯ ಮೇಲೆ ಹೋಗಿಬರಬೇಕು. ಆದರೆ ಜ್ವರಕ್ಕೆ ಕುಳಿತ ಹುಳು ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಬಲ್ಲ ಗೃಹಿಣಿಯರು ಮರಿಹುಳು ತರುವ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡುವುದುಂಟು. ಹುಳುವಿನ ಉಪವಾಸವೂ ಮನೆಯವರ ಉಪವಾಸವೂ ಒಂದೇ ರಾತ್ರಿಗೆ ಕೂಡಿಬಂದರೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ!

ಕಾರ್ಖಾನೆಯ ರಜೆಯನ್ನು ಹಾಗೆ ಹೊಂದಿಸಲಾಗದು ಎನ್ನುವವರಿಗೆ ಒಂದು ಮಾತು. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳನ್ನು ಕುರಿತು ನಮ್ಮ ರಾಜ್ಯದಲ್ಲಿ 1963ರ ಕಾಯಿದೆಯೊಂದಿದೆ. ಗಣರಾಜ್ಯ ದಿನ, ಕಾರ್ಮಿಕ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಎಂಬ ಐದರ ಜೊತೆಗೆ ಹಬ್ಬಗಳಿಗೆಂದು ಇನ್ನೈದು ರಜೆಗಳಿಗೆ ಅದು ಅವಕಾಶ ಕೊಟ್ಟಿದೆ. ಆ ಐದು ಯಾವುವೆಂಬುದು ವರ್ಷದ ಮೊದಲಿಗೇ ತೀರ್ಮಾನವಾಗುತ್ತದೆ. ಆಗ ಬಾಯಿ ತೆರೆಯದೆ, ಹಬ್ಬದ ಹಿಂದಿನ ದಿನ ಮೇಲ್ವಿಚಾರಕರ ಮುಂದೆ ಹೊಟ್ಟೆನೋವಿನ ನೆಪ ಹೇಳುವುದು ಕಾಯಕಕ್ಕೂ ತಕ್ಕುದಲ್ಲ, ವ್ರತಕ್ಕೂ ತಕ್ಕುದಲ್ಲ. ತಮ್ಮ ಲೆಕ್ಕದಲ್ಲಿ ಉಳಿದ ಒಂದು ದಿನದ ರಜೆಯನ್ನು ಶಿವರಾತ್ರಿಯ ಮರುದಿನಕ್ಕೆಂದು ತಿಂಗಳ ಮುಂಚೆಯೇ ಬರೆದುಕೊಡುವುದು ಮೇಲು.

ಅದೂ ಆಗದವರಿಗೆ ಹಿರಿಯರು ಹಾಕಿಕೊಟ್ಟ ಏರ್ಪಾಡೇ ಇದೆಯಲ್ಲ! ಶಿವರಾತ್ರಿಯ ಪೂಜೆ ನಾಲ್ಕು ಯಾಮಗಳದು; ಆರರಿಂದ ಆರರವರೆಗೆ ಮೂರು ಮೂರು ಗಂಟೆಯ ನಾಲ್ಕು ಭಾಗ. ಭಜನೆಯನ್ನೂ ಹಾಗೆಯೇ ಹಂಚಿಕೊಂಡರೆ ಕಾರ್ಖಾನೆಯ ಮೂರು ಪಾಳಿಗಳು ಈ ನಾಲ್ಕರೊಳಗೆ ಅಡಗುತ್ತವೆ. ರಾತ್ರಿ ಹತ್ತರ ಪಾಳಿಗೆ ಹೋಗುವವರೂ ಬೆಳಗಿನ ಆರಕ್ಕೆ ಹಾಜರಾಗಬೇಕಾದವರೂ ಮೊದಲ ಯಾಮವನ್ನು ಹಾಡಲಿ. ಎರಡನೆಯದು ಹೆಣ್ಣುಮಕ್ಕಳದಾಗಲಿ. ಉಡುಪು ಘಟಕಗಳಲ್ಲಿ ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಬಾಗಿ ಬಂದವರನ್ನು ಹಬ್ಬದ ರಾತ್ರಿ ಪ್ರಸಾದದ ಪಾತ್ರೆಯ ಮುಂದೆ ಕೂರಿಸುವುದು ನ್ಯಾಯವಲ್ಲ. ಹೇಗೂ ಉಪವಾಸದ ದಿನ, ಒಲೆಯ ಕೆಲಸ ಕಡಿಮೆ, ಇರುವಷ್ಟನ್ನು ಗಂಡಸರು ನೋಡಿಕೊಳ್ಳಬಹುದು. ಎರಡರ ಪಾಳಿ ಮುಗಿಸಿ ಹತ್ತಕ್ಕೆ ಬಿಟ್ಟು ಬರುವ ಯುವಕರಿಗೆ ಮೂರನೆಯ ಯಾಮ. ನಾಲ್ಕನೆಯದು ಕೋಳಿ ಕೂಗುವ ಮುನ್ನ ಏಳುವ ಅಭ್ಯಾಸದ ಒಕ್ಕಲು ಮಕ್ಕಳಿಗೂ ಮುದುಕರಿಗೂ ಸೇರಿದ್ದು. ಹಾಡು ಮುಗಿಸಿ ನೇರ ಕೊಟ್ಟಿಗೆಗೆ ಹೋದರಾಯಿತು. ಒಬ್ಬನೇ ಇಡೀ ರಾತ್ರಿ ಕೂರಬೇಕೆಂಬ ಹಟವಿಲ್ಲದಿದ್ದರೆ ಊರೇ ಇಡೀ ರಾತ್ರಿ ಎಚ್ಚರವಿರುತ್ತದೆ.

ಕೆಲವು ಮನೆಗಳಲ್ಲಿ ಬೇರೊಂದು ತೊಡಕುಂಟು. ಆ ದಿನಗಳಲ್ಲೇ ತುಮಕೂರಿನ ಸಿದ್ಧಗಂಗೆಯ ಜಾತ್ರೆ. ದಾಬಸ್‌ಪೇಟೆಯ ಮೇಲೆ ಹೋಗಿಬರುವ ದಾರಿ ಹತ್ತಿರವಾದದ್ದರಿಂದ, ಹಾರ್ಮೋನಿಯಂ ಬಲ್ಲವನೊಬ್ಬ ಬಸ್ಸು ಹತ್ತಿದನೆಂದರೆ ಊರಿನ ಭಜನೆಗೆ ಶ್ರುತಿಯೇ ಇಲ್ಲ. ಆ ಜಾತ್ರೆ ಒಂದು ದಿನದ್ದಲ್ಲ. ದನಗಳ ಪರಿಷೆಯೂ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಹಲವು ದಿನ ನಡೆಯುತ್ತವೆ. ಯಾತ್ರೆಯನ್ನು ವಾರದ ರಜೆಗೆ ಸರಿಸಿ ಶಿವರಾತ್ರಿಯನ್ನು ಊರಿಗೆ ಉಳಿಸಿಕೊಳ್ಳುವುದು ಕಷ್ಟವೇನಲ್ಲ. ಬೆಂಗಳೂರಿನಿಂದ ಬರುವ ಮಕ್ಕಳಿಗೂ ಯಾವ ಯಾಮಕ್ಕೆ ಬರಬೇಕೆಂದು ಮೊದಲೇ ತಿಳಿಸಿದರೆ, ಬಂದು ಉಂಡು ಮಲಗಿ ಹೋಗುವ ಪದ್ಧತಿ ತಪ್ಪೀತು.

ಇನ್ನು ಧ್ವನಿವರ್ಧಕ. ಹಾಡುವವರು ಕಡಿಮೆಯಾದಷ್ಟೂ ಅದರ ಗಂಟಲು ದೊಡ್ಡದಾಗುತ್ತಿರುವುದನ್ನು ನಾವು ಊರೂರಿನಲ್ಲಿ ಕಂಡಿದ್ದೇವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ, ಮುಚ್ಚಿದ ಸಭಾಂಗಣದ ಒಳಗಲ್ಲದೆ, ಅದನ್ನು ಬಳಸುವಂತಿಲ್ಲ. ಸರ್ಕಾರವು ವರ್ಷದಲ್ಲಿ 15 ದಿನ ಮೀರದಂತೆ ಹಬ್ಬಗಳಿಗೆ ಸಡಿಲಿಕೆ ಕೊಟ್ಟರೂ ಅದು ನಡುರಾತ್ರಿಯವರೆಗೆ ಮಾತ್ರ. ನಿಯಮ ಹಾಗಿರಲಿ, ಶಿವರಾತ್ರಿ ಬರುವುದು ಮಕ್ಕಳ ಪರೀಕ್ಷೆಯ ಹೊಸ್ತಿಲಲ್ಲಿ. ಹಗಲೆಲ್ಲ ಮಗ್ಗದ ಸದ್ದಿಗೆ ಕಿವಿ ಕೊಟ್ಟವನಿಗೆ ರಾತ್ರಿಯೂ ಅಬ್ಬರವೇ ಏಕೆ? 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ರಾಜಘಟ್ಟದಲ್ಲಿ ಉತ್ಖನನ ಮಾಡಿದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷಗಳೂ ಮಣ್ಣಿನ ಪುಟ್ಟ ಹರಕೆಯ ಸ್ತೂಪಗಳೂ ದೊರೆತವು. ಆ ಭಿಕ್ಷುಗಳು ಬರಿಯ ಕಂಠದಿಂದಲೇ ಆ ನೆಲದಲ್ಲಿ ಪಠಿಸಿದ್ದಾರು.

ಕಲಿಯಲು ಸಮಯವೆಲ್ಲಿ ಎಂಬುದು ಕೊನೆಯ ಆಕ್ಷೇಪ. ಪಂಚಾಕ್ಷರ ಗವಾಯಿಗಳು (1892–1944) ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ನಡೆಸಿದ್ದು ಸಂಚಾರಿ ಸಂಗೀತ ಪಾಠಶಾಲೆ. ಗದುಗಿನಲ್ಲಿ ನೆಲೆಯೂರುವ ಮುನ್ನ ಅಂಧ ಬಾಲಕರೊಡನೆ ಊರಿಂದೂರಿಗೆ ಅಲೆಯುತ್ತಲೇ ಅವರು ಪಾಠ ಹೇಳಿದರು. ಶರಣ ಕಿನ್ನರಿ ಬೊಮ್ಮಯ್ಯನಾದರೋ ಮೂಲತಃ ಅಕ್ಕಸಾಲಿಗ. ಕಾರ್ಖಾನೆಯ ಬಸ್ಸಿನಲ್ಲಿ ದಿನವೂ ಕೂಡಿಯೇ ಹೋಗಿಬರುವ ಐದಾರು ಜನ, ಕಿವಿಯೊಳಗಿನ ತಂತಿಯನ್ನು ತೆಗೆದು ಒಂದೊಂದು ಪದವನ್ನು ಮೆಲ್ಲನೆ ಗುನುಗಿಕೊಂಡರೆ ತಿಂಗಳಿಗೆ ನಾಲ್ಕೈದು ಪದಗಳು ಬಾಯಿಗೆ ಬಂದಾವು. ಆ ಸೀಮೆಯಲ್ಲಿ ಕೈವಾರ ತಾತಯ್ಯನವರ ತೆಲುಗು, ಕನ್ನಡ ಕೀರ್ತನೆಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸ ಹಬ್ಬದವರೆಗೆ ಕಾಯಲಾರದು. ಯಾಮಕ್ಕೆ ಇಂಥವರೆಂದು ಹೆಸರು ಬರೆದ ಹಾಳೆ ಭಜನೆ ಮನೆಯ ಗೋಡೆಯ ಮೇಲೆ ಈ ತಿಂಗಳೇ ಏರಲಿ. ಹಾರ್ಮೋನಿಯಂ ಅಟ್ಟದ ಮೇಲಿದ್ದರೆ ಅದನ್ನೂ ಇಳಿಸಿ ನೋಡಿರಿ, ತಿದಿಯನ್ನು ಇಲಿ ಕಡಿದಿದ್ದರೆ ಸರಿಪಡಿಸುವವರನ್ನು ಹುಡುಕಲು ಪೇಟೆಗೆ ಎರಡು ಬಾರಿಯಾದರೂ ಹೋಗಬೇಕಾದೀತು.